ಸಂಪಾದಕರ ಉತ್ತರ: ತಕ್ಕಡಿಯೂ ಬೇಕು, ಸಾಕ್ಷಿಗೆ ಪಂಚರೂ ಬೇಕು

ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ನಮ್ಮೂರ ಬಸ್ ಸ್ಟ್ಯಾಂಡ್ ಹಿಂದೆ ಸಂಜೆಯಾದರೆ ಗಾಂಜಾ ಪೊಟ್ಟಣ ಕೈ ಬದಲಾಗುತ್ತದೆ. ಪಿಯುಸಿ ಹುಡುಗರೂ ಇದ್ದಾರೆ. ಫೋನ್ ಮಾಡಿದರೆ ಜೀಪು ಬರುವಷ್ಟರಲ್ಲಿ ಎಲ್ಲರೂ ಜಾಗ ಖಾಲಿ ಮಾಡಿರುತ್ತಾರೆ. ಹಳ್ಳಿ ಪೊಲೀಸರಿಗೆ ಜಾಸ್ತಿ ಜನ, ಜಾಸ್ತಿ ಗಾಡಿ ಕೊಡಿ ಅಂತ ನೀವಾದರೂ ಬರೆಯಬಾರದೇ?"

ಖಂಡಿತ ಬರೆಯುತ್ತೇನೆ. ಆದರೆ ಜನ, ಗಾಡಿ ಎರಡನ್ನೇ ಕೇಳಿದರೆ ಸಾಲದು.

ಎರಡು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ಘಟ್ಟದ ಹತ್ತಿರದ ಒಂದು ಠಾಣೆಯಲ್ಲಿ ಕೂತಿದ್ದೆ. ಬೈಕಿನಲ್ಲಿ ಸಿಕ್ಕ ಚೀಲವೊಂದು ಮೇಜಿನ ಮೇಲಿತ್ತು. ತೂಕಕ್ಕೆ ಪಕ್ಕದ ದಿನಸಿ ಅಂಗಡಿಯ ತಕ್ಕಡಿ ತಂದಿದ್ದರು. ಕರೆಂಟ್ ಹೋಗಿತ್ತು. ಒಬ್ಬ ಕಾನ್‌ಸ್ಟೇಬಲ್ ಮೇಣದಬತ್ತಿಯಲ್ಲಿ ಅರಗು ಕರಗಿಸುತ್ತಿದ್ದರು. ಬಟ್ಟೆ ಥಂಡಿ ಹಿಡಿದು ಸೀಲು ಕೂರುತ್ತಲೇ ಇರಲಿಲ್ಲ. ಮೂರನೇ ಸಲ ಕೂತಿತು. ಇನ್ನೊಬ್ಬರು ಮೊಬೈಲ್ ಬೆಳಕಿನಲ್ಲಿ ಪಂಚನಾಮೆ ಬರೆಯುತ್ತಿದ್ದರು. ಇಬ್ಬರೂ ಹಗಲಿಡೀ ಬಂದೋಬಸ್ತ್ ಮುಗಿಸಿ ಬಂದವರು.

ಆ ಸೀಲು, ಆ ತೂಕದ ಮೇಲೆಯೇ ಕೇಸು ನಿಲ್ಲುವುದು. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ 1 ಕೆ.ಜಿ. ಒಳಗಿದ್ದರೆ ಹೆಚ್ಚೆಂದರೆ 1 ವರ್ಷ ಜೈಲು. 20 ಕೆ.ಜಿ. ದಾಟಿದರೆ ಕಡಿಮೆ ಎಂದರೂ 10 ವರ್ಷ. ಹಸಿ ಇದ್ದಾಗ ಒಂದು ತೂಕ, ಒಣಗಿದ ಮೇಲೆ ಇನ್ನೊಂದು ತೂಕ. ಅಡಿಕೆ ಬೆಳೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕೋರ್ಟಿನಲ್ಲಿ ಆರೋಪಿಯ ವಕೀಲರು ಹಿಡಿಯುವುದೂ ಆ ವ್ಯತ್ಯಾಸವನ್ನೇ.

ನಿಯಮಗಳೂ ಕಟ್ಟುನಿಟ್ಟು. ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರಿಗೇ ಆಗಲಿ ಎಂದು ಕೇಳುವ ಹಕ್ಕಿದೆ ಎಂದು ಆರೋಪಿಗೆ ತಿಳಿಸಬೇಕು. 2024ರ ಜುಲೈ 1ರಿಂದ ಜಪ್ತಿಯ ವಿಡಿಯೋ ಕೂಡ ಕಡ್ಡಾಯ. ಇವನ್ನು ಸಡಿಲ ಮಾಡಿ ಎಂದು ನಾನು ಬರೆಯಲಾರೆ. ಅಮಾಯಕನ ಜೇಬಿಗೆ ಪೊಟ್ಟಣ ತುರುಕದಂತೆ ಕಾಯುವುದೂ ಇವೇ ನಿಯಮಗಳು. ಪಾಲಿಸಲು ಬೇಕಾದ್ದನ್ನು ಕೊಡಿ ಎಂದು ಕೇಳುತ್ತೇನೆ. ಪ್ರತಿ ಠಾಣೆಗೂ ಸರಿಯಾದ ತಕ್ಕಡಿ, ಪರೀಕ್ಷಾ ಕಿಟ್, ಕ್ಯಾಮೆರಾ, ಕರೆಂಟ್ ಹೋದರೂ ಉರಿಯುವ ದೀಪ. ಬರೆಯುವವರಿಗೆ ತರಬೇತಿ. ಲ್ಯಾಬ್ ವರದಿ ಬೇಗ ಬರುವ ವ್ಯವಸ್ಥೆ.

ಜಿಲ್ಲೆಯಲ್ಲಿ ಸಿಇಎನ್ ಠಾಣೆ ಇದೆಯಲ್ಲ ಎನ್ನಬಹುದು. ಸೈಬರ್ ವಂಚನೆ, ಹಣಕಾಸಿನ ಮೋಸ, ಮಾದಕ ವಸ್ತು ಮೂರನ್ನೂ ಅದೇ ನೋಡಬೇಕು. ಶಿವಮೊಗ್ಗದಿಂದ ಹೊರಟವರು ಹುಲಿಕಲ್ ತಲುಪುವ ಹೊತ್ತಿಗೆ ಮಾಲು ಘಟ್ಟ ಇಳಿದಿರುತ್ತದೆ. ಊರಿನ ಒಳದಾರಿ ಗೊತ್ತಿರುವುದು ಬೀಟ್ ಪೊಲೀಸರಿಗೆ. ಅವರನ್ನು ವಾರಗಟ್ಟಲೆ ಬಂದೋಬಸ್ತಿಗೆ ಕಳಿಸುವುದು ಮೊದಲು ನಿಲ್ಲಬೇಕು.

ನೀವು ಹೇಳಿದ ಹುಡುಗರ ವಿಷಯ ನನ್ನನ್ನು ಜಾಸ್ತಿ ಕಾಡಿತು. ಚಟ ಹತ್ತಿದವರು ತಾವಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ, ಸೇದಿದ ಕೇಸಿನಿಂದ ರಕ್ಷಣೆ ಕೊಡಲು ಇದೇ ಕಾಯ್ದೆಯ 64ಎ ಸೆಕ್ಷನ್ ಇದೆ. ಬಿಡಿಸಿಕೊಳ್ಳಲು ಸಹಾಯ ಬೇಕಾದರೆ 14446ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಮಾರುವವರ ಬಗ್ಗೆ ಹೇಳಲು 1933 ಇದೆ. ಆ ಹುಡುಗರ ಮನೆಯವರು ಗೊತ್ತಿದ್ದರೆ ಈ ವಾರವೇ ಹೋಗಿ ಮಾತಾಡಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಠಾಣೆಯಲ್ಲಿ ಕೂತಿದ್ದ ಆ ರಾತ್ರಿ ಪಂಚರಿಗಾಗಿ, ಅಂದರೆ ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕುವವರಿಗಾಗಿ, ಪೊಲೀಸರು ಮೂರು ಮನೆ ಬಾಗಿಲು ತಟ್ಟಿದ್ದರು. ಯಾರೂ ಬರಲಿಲ್ಲ. ಕೊನೆಗೆ ಸಹಿ ಹಾಕಿದ್ದು ತಕ್ಕಡಿ ಕೊಟ್ಟ ಅಂಗಡಿಯವರು, ಮತ್ತೊಬ್ಬ ಆಟೋ ಚಾಲಕ. ಕೋರ್ಟಿಗೆ ಅಲೆಯಬೇಕಲ್ಲ ಎಂಬ ಭಯ ನನಗೂ ಅರ್ಥವಾಗುತ್ತದೆ. ಆದರೂ ನಿಮ್ಮನ್ನು ಕರೆದರೆ ಹೋಗಿ. ಸಾಕ್ಷಿ ಹೇಳುವ ದಿನ ಬಂದಾಗ ನನಗೊಂದು ಪತ್ರ ಹಾಕಿ. ಕೋರ್ಟಿಗೆ ನಾನೂ ಜೊತೆಗೆ ಬರುತ್ತೇನೆ.