ರೆಮಿಷನ್ ಅಂದಮೇಲೂ ಮತ್ತೆ ಯಾಕೆ ಟೆಸ್ಟ್?

ಪ್ರಶ್ನೆ: ನನ್ನ ತಮ್ಮನಿಗೆ ಎಎಂಎಲ್ ಬ್ಲಡ್ ಕ್ಯಾನ್ಸರ್. ಎರಡು ಸುತ್ತು ಕೀಮೋ ಆಗಿದೆ. ಬೋನ್ ಮ್ಯಾರೋ ರಿಪೋರ್ಟಿನಲ್ಲಿ ರೆಮಿಷನ್ ಎಂದಿದೆ. ಆದರೂ ಡಾಕ್ಟರು ಎನ್‌ಪಿಎಂ1 ಎಂಆರ್‌ಡಿ ಟೆಸ್ಟ್ ಬರೆದುಕೊಟ್ಟಿದ್ದಾರೆ. ಬೇಕೇ ಬೇಕಾ? ಮೊದಲ ರಿಪೋರ್ಟಿನಲ್ಲಿ ಡಿಎನ್‌ಎಂಟಿ3ಎ ಅಂತಲೂ ಇತ್ತು, ಅದನ್ನು ಯಾಕೆ ನೋಡುತ್ತಿಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ಬೇಕು, ಖಂಡಿತ ಮಾಡಿಸಿ. ಖರ್ಚು ಉಳಿಸುವುದಕ್ಕೆ ಈ ಟೆಸ್ಟನ್ನು ಬಿಡಬೇಡಿ.

ರೆಮಿಷನ್ ಅಂದರೆ ಮೈಕ್ರೋಸ್ಕೋಪಿನಲ್ಲಿ ಬ್ಲಾಸ್ಟ್ ಅನ್ನುವ ಬಲಿಯದ ಕಣಗಳು ನೂರಕ್ಕೆ 5ಕ್ಕಿಂತ ಕಡಿಮೆ ಕಂಡಿವೆ, ರಕ್ತದ ಕೌಂಟ್ ಚೇತರಿಸಿಕೊಂಡಿದೆ ಅಂತ. ಆದರೆ ಸಾವಿರದಲ್ಲಿ ಒಂದು ಕೆಟ್ಟ ಕಣ ಉಳಿದಿದ್ದರೆ ಅದು ಕಣ್ಣಿಗೆ ಸಿಗುವುದಿಲ್ಲ, ರೋಗ ಮರಳುವುದು ಹಾಗೆ ಉಳಿದದ್ದರಿಂದಲೇ. ಎಂಆರ್‌ಡಿ (ಅಳಿದುಳಿದ ರೋಗ) ಟೆಸ್ಟ್ ಹುಡುಕುವುದು ಅದನ್ನು.

ದೊಡ್ಡವರ ಎಎಂಎಲ್‌ನಲ್ಲಿ ನೂರಕ್ಕೆ ಸುಮಾರು 30 ಜನರಿಗೆ ಎನ್‌ಪಿಎಂ1 ಜೀನ್ ಕೆಟ್ಟಿರುತ್ತದೆ. ಹೀಗೆ ಕೆಟ್ಟ ಜೀನ್ ಆರೋಗ್ಯವಂತರ ರಕ್ತದಲ್ಲಿ ಇರುವುದಿಲ್ಲ, ರೋಗ ಮರಳಿದಾಗ ಹೆಚ್ಚಿನವರಲ್ಲಿ ಇದೂ ಮರಳುತ್ತದೆ, ಹಾಗಾಗಿ ನಂಬಬಹುದಾದ ಗುರುತು. ಪಿಸಿಆರ್ ಅನ್ನುವ ಜೀನ್ ಪರೀಕ್ಷೆಯಿಂದ ಲಕ್ಷ ಕಣಗಳಲ್ಲಿ ಒಂದಿದ್ದರೂ ಹಿಡಿಯಬಹುದು. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಎರಡನೇ ಸುತ್ತಿನ ನಂತರವೂ ರಕ್ತದಲ್ಲಿ ಈ ಗುರುತು ಉಳಿದಿದ್ದವರಲ್ಲಿ ಮೂರು ವರ್ಷದೊಳಗೆ ರೋಗ ಮರಳಿದ್ದು ನೂರಕ್ಕೆ 82 ಮಂದಿಗೆ, ಉಳಿಯದಿದ್ದವರಲ್ಲಿ 30 ಮಂದಿಗೆ. ನಿಮ್ಮ ತಮ್ಮ ಈಗ ಇರುವುದು ಅದೇ ಹಂತದಲ್ಲಿ ಅಲ್ವಾ!

ಡಿಎನ್‌ಎಂಟಿ3ಎ ಅನ್ನುವ ಇನ್ನೊಂದು ಜೀನಿನ ಕಥೆ ಬೇರೆ. ವಯಸ್ಸಾದಂತೆ ಕ್ಯಾನ್ಸರ್ ಇಲ್ಲದವರ ರಕ್ತದಲ್ಲೂ ಅದು ಕೆಟ್ಟಿರುವುದು ಕಾಣಿಸಿಕೊಳ್ಳಬಹುದು. ರೆಮಿಷನ್ನಿನಲ್ಲೂ ಹಾಗೇ ಉಳಿಯಬಹುದು, ಅದನ್ನು ನೋಡಿ ಸುಮ್ನೆ ಹೆದರುವುದಾಗುತ್ತದೆ.

ಸ್ಯಾಂಪಲ್ ಬಗ್ಗೆ ಒಂದು ಮಾತು. ಬೋನ್ ಮ್ಯಾರೋ ತೆಗೆಯುವಾಗ ಸಿರಿಂಜಿಗೆ ಮೊದಲು ಬಂದದ್ದನ್ನೇ ಎಂಆರ್‌ಡಿಗೆ ಕಳಿಸಬೇಕು, ಆಮೇಲಿನದರಲ್ಲಿ ರಕ್ತ ಬೆರೆತು ಫಲಿತಾಂಶ ತಪ್ಪಬಹುದು. ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ಪ್ರತಿ ಸಲ ಒಂದೇ ಲ್ಯಾಬ್ ಆದರೆ ಹೋಲಿಸುವುದು ಸುಲಭ.

ಚಿಕಿತ್ಸೆ ಮುಗಿದ ಮೇಲೂ ಸುಮಾರು ಎರಡು ವರ್ಷ ಆಗಾಗ ನೋಡುತ್ತಿರಬೇಕು. ಬೋನ್ ಮ್ಯಾರೋದಲ್ಲಿ ಎನ್‌ಪಿಎಂ1 ಗುರುತು ಚೂರು ಉಳಿದು, ಏರದೆ ನಿಲ್ಲುವುದೂ ಉಂಟು, ಒಂದು ಪಾಸಿಟಿವ್ ನೋಡಿ ಕಂಗಾಲಾಗಬೇಡಿ. ಆದರೆ ಎರಡು ಸ್ಯಾಂಪಲ್ಲಿನ ನಡುವೆ ಹತ್ತು ಪಟ್ಟು ಏರಿದರೆ ಕಾಯುವ ಹಾಗಿಲ್ಲ. ಕೌಂಟ್ ಕೆಡುವ ಮೊದಲೇ ಚಿಕಿತ್ಸೆ ಬದಲಿಸಲು ಆಗ ಸಮಯ ಸಿಗುತ್ತದೆ.

ಟ್ರಾನ್ಸ್‌ಪ್ಲಾಂಟ್ (ಬೇರೆಯವರ ಬೋನ್ ಮ್ಯಾರೋ ಕಸಿ) ಮಾತು ಬಂದರೂ ಬರಬಹುದು. ಒಡಹುಟ್ಟಿದವರ ಎಚ್‌ಎಲ್‌ಎ (ದಾನಿ ಹೊಂದುತ್ತಾರಾ ಎಂದು ನೋಡುವ ಕಣಗಳ ಗುರುತು) ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮ್ಮದನ್ನು ಈಗಲೇ ನೋಡಿಸಿಡಬೇಕಾ ಅಂತ ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ.