ಕುಡಿಯದವರು ನ್ಯೂಯಾರ್ಕಿನ ಐರಿಷ್ ನೆರೆಯವರ ಜೊತೆ ಬೆರೆಯುವುದು ಹೇಗೆ?

ಬ್ರಾಂಕ್ಸ್‌ನ ವುಡ್‌ಲಾನ್‌ಗೆ ಹೊಸದಾಗಿ ಬಂದಾಗ ನನಗೂ ಇದೇ ಚಿಂತೆ. ಸುತ್ತಲೂ ಐರಿಷ್ ಜನ, ನಾನು ಕುಡಿಯುವವನಲ್ಲ, ಪಬ್‌ಗೆ ಹೋಗದೆ ಪರಿಚಯ ಆಗೋದು ಹೇಗೆ ಅಂತ. ಆದರೆ ಪಬ್ಬೇ ಬಾಗಿಲು ಅಂದುಕೊಂಡಿರುವುದೇ ತಪ್ಪು. ಐರಿಷರ ಹಬ್ಬದ ಮೆರವಣಿಗೆ, ಅಂದರೆ ಸೇಂಟ್ ಪ್ಯಾಟ್ರಿಕ್ಸ್ ಡೇ ಪೆರೇಡೂ ಬಾಗಿಲಲ್ಲ. 1762ರಿಂದ ನಡೆದು ಬಂದಿದೆ, ಖಂಡಿತ ನೋಡಿ, ಆದರೆ ಅಲ್ಲಿ ನೀವು ರಸ್ತೆ ಬದಿಯಲ್ಲಿ ನಿಂತ ಪ್ರೇಕ್ಷಕರು ಅಷ್ಟೇ. ಸಾವಿನ ಮನೆಗೆ ಹೋಗಿ.

ನಮ್ಮ ಪಕ್ಕದ ಮನೆಯಲ್ಲಿ ಐರ್ಲೆಂಡಿನ ಮೇಯೋ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹಿರಿಯರೊಬ್ಬರಿದ್ದರು. ಜೀವನಪೂರ್ತಿ ಕಟ್ಟಡ ಕೆಲಸ ಮಾಡಿದವರು. ಹಿಮ ಬಿದ್ದ ಬೆಳಿಗ್ಗೆ ತಮ್ಮ ಮೆಟ್ಟಿಲಿನ ಜೊತೆ ನಮ್ಮದನ್ನೂ ಗೋರಿ, ಉಪ್ಪು ಎರಚಿ ಹೋಗುತ್ತಿದ್ದರು. ಅವರು ತೀರಿಕೊಂಡರು. ಶವವನ್ನು ಇಟ್ಟು ಅಂತ್ಯಕ್ರಿಯೆಗೆ ಸಿದ್ಧಮಾಡುವ ಫ್ಯೂನರಲ್ ಹೋಮ್‌ನಲ್ಲಿ 'ವೇಕ್' ಇದೆ, ಅಂದರೆ ಅಂತಿಮ ದರ್ಶನ, ಅಂತ ಬೀದಿಗೆಲ್ಲ ಗೊತ್ತಾಯಿತು. ನಾನು ಹೋಗಲಿಲ್ಲ.

ಯಾಕೆ ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ಎಡವುವ ಸಾಧ್ಯತೆ ಜಾಸ್ತಿ. ಅಮೆರಿಕದಲ್ಲಿ ಕರೆಯದೆ ಎಲ್ಲಿಗೂ ಹೋಗಬಾರದು ಅಂತ ಆಫೀಸಿನಲ್ಲಿ ಕಲಿತಿದ್ದೆ. ಮನೆಯವರು ನನ್ನನ್ನು ಕರೆದಿಲ್ಲ. ನಾನು ಅವರ ಧರ್ಮದವನಲ್ಲ. ತೆರೆದಿಟ್ಟ ಪೆಟ್ಟಿಗೆಯ ಮುಂದೆ ಹೇಗೆ ನಿಲ್ಲಬೇಕು ಅಂತಲೂ ಗೊತ್ತಿಲ್ಲ. ದುಃಖದಲ್ಲಿರುವವರಿಗೆ ಸುಮ್ನೆ ಯಾಕೆ ತೊಂದರೆ ಅಂದುಕೊಂಡೆ. ಅದೇ ನಮ್ಮೂರಾಗಿದ್ದರೆ? ಮದುವೆಗೆ ಕರೆಯಬೇಕು. ಸಾವಿಗೆ ಯಾರು ಕರೆಯುತ್ತಾರೆ? ಸುದ್ದಿ ಕಿವಿಗೆ ಬಿದ್ದ ಕೂಡಲೇ ಹೊರಡುತ್ತೇವೆ, ಅಲ್ವಾ? ಅವರದ್ದೂ ಅದೇ ಪದ್ಧತಿ. ನನಗೆ ಹುಟ್ಟಿನಿಂದ ಗೊತ್ತಿದ್ದ ರೀತಿಯನ್ನು ಬಿಟ್ಟು, ಆಫೀಸಿನ ಪಾಠ ಹಿಡಿದು ಕೂತೆ. ಕೆಲವು ವಾರ ಕಳೆದ ಮೇಲೆ ಕಾರ್ಡ್ ಕೊಡಲು ಹೋದೆ. ಅವರ ಹೆಂಡತಿ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡರು. ಆಮೇಲೆ ನಮ್ಮ ಮಾತು "ಚಳಿ ಜಾಸ್ತಿ" ಅನ್ನುವಷ್ಟಕ್ಕೇ ನಿಂತಿತು. ಆ ನೋವು ಇನ್ನೂ ಹೋಗಿಲ್ಲ.

ವೇಕ್‌ಗೆ ಹೋದರೆ ಮಾಡಬೇಕಾದ್ದು ತುಂಬಾ ಸರಳ. ಸಾಲಿನಲ್ಲಿ ನಿಲ್ಲಿ, ಮನೆಯವರ ಕೈ ಹಿಡಿದು "ಸಾರಿ ಫಾರ್ ಯುವರ್ ಟ್ರಬಲ್" ಅನ್ನಿ. ಪ್ರಾರ್ಥನೆ ಬರದಿದ್ದರೂ ನಡೆಯುತ್ತದೆ. ಸಾವು, ಅಗಲಿಕೆ ಇವರ ಇತಿಹಾಸದಲ್ಲೂ ದೊಡ್ಡದು. ಐರ್ಲೆಂಡಿನಲ್ಲಿ 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಕಡಿಮೆಯಿಲ್ಲದಷ್ಟು ಜನ ದೇಶ ಬಿಟ್ಟರು. ಆ ಕಾಲದಲ್ಲಿ ಹಡಗು ಹತ್ತುವವರಿಗೆ ಹಿಂದಿನ ರಾತ್ರಿ ಮನೆಯಲ್ಲಿ 'ಅಮೆರಿಕನ್ ವೇಕ್' ಮಾಡುತ್ತಿದ್ದರು. ಬದುಕಿರುವ ಮಗಳಿಗೆ ಸತ್ತವರಿಗೆ ಮಾಡುವ ಜಾಗರಣೆ! ಹೋದವಳು ತಿರುಗಿ ಬರುವುದಿಲ್ಲ ಅಂತ ತಂದೆತಾಯಿಗೆ ಗೊತ್ತಿತ್ತು. ಈಗಲೂ ಊರಿನಲ್ಲಿ ಯಾರು ತೀರಿಕೊಂಡರು ಅಂತ ಆರ್‌ಐಪಿ ಡಾಟ್ ಐಇ ಜಾಲತಾಣದಲ್ಲಿ ಇಲ್ಲಿ ಕೂತೇ ನೋಡುತ್ತಾರೆ.

ಕುಡಿಯದಿರುವುದರ ಬಗ್ಗೆ ಸಂಕೋಚವೇ ಬೇಡ. ಮದ್ಯ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತ 'ಪಯೋನಿಯರ್' ಸಂಘ ಡಬ್ಲಿನ್‌ನಲ್ಲಿ 1898ರಲ್ಲೇ ಹುಟ್ಟಿತು. ಹಳಬರ ಕೋಟಿನ ಮೇಲೆ ಅದರ ಚಿಕ್ಕ ಪಿನ್ ಕಾಣಬಹುದು. ಚಹಾ ಅಂತೂ ನಮ್ಮ ಹಾಗೇ, ಕಡಕ್, ಹಾಲು ಹಾಕಿ.

ಬ್ರಾಂಕ್ಸ್‌ನಲ್ಲಿ ಬ್ರಾಡ್‌ವೇ ಮತ್ತು 240ನೇ ಬೀದಿ ಸೇರುವಲ್ಲಿ ಐರಿಷ್ ಆಟಗಳ ಮೈದಾನ ಗೇಲಿಕ್ ಪಾರ್ಕ್ ಇದೆ, ಅಲ್ಲಿಗೂ ಹೋಗಿ. ನ್ಯೂಯಾರ್ಕ್ ತಂಡ 1999ರಿಂದ ಐರ್ಲೆಂಡಿನ ಕಾನಾಟ್ ಪ್ರಾಂತ್ಯದ ಗೇಲಿಕ್ ಫುಟ್‌ಬಾಲ್ (ಐರಿಷರದೇ ಆಟ, ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ) ಚಾಂಪಿಯನ್‌ಶಿಪ್‌ನಲ್ಲಿ ಆಡುತ್ತಾ ಬಂದಿದೆ. 2023ರಲ್ಲಿ ಲೀಟ್ರಿಮ್ ಕೌಂಟಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದೇ ಅದರ ಮೊದಲ ಗೆಲುವು. ಪಕ್ಕದಲ್ಲಿ ಕೂತವರನ್ನು "ಯಾವ ಕೌಂಟಿ?" ಅಂತ ಕೇಳಿ. ಆಟ ಮುಗಿಯುವಷ್ಟರಲ್ಲಿ ಅವರ ಊರು, ಮನೆತನ ಎಲ್ಲ ಹೇಳಿರುತ್ತಾರೆ, ನಿಮ್ಮದನ್ನೂ ಕೇಳಿ ತಿಳಿದುಕೊಂಡಿರುತ್ತಾರೆ.