ಗೂಡಿನ ಹೂವು, ಲೆಕ್ಕದ ಪುಸ್ತಕ

ಪ್ರಶ್ನೆ: ಶಿಡ್ಲಘಟ್ಟದ ರೇಷ್ಮೆ ನೂಲು ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡುಗಳನ್ನು ರಾತ್ರಿ ಕತ್ತರಿಸಿ, ಬಣ್ಣ ಹಚ್ಚಿ ಹಾರ ಮಾಡುತ್ತೇನೆ. ಕೆಲಸದಲ್ಲಿ ಮಾತ್ರ ಹೊಸದೇನೂ ಹೊಳೆಯುವುದಿಲ್ಲ. ನನ್ನ ಸ್ವಭಾವವೇ ಹೀಗೋ?

ಉತ್ತರ: ಸ್ವಭಾವವನ್ನು ದೂರಬೇಡಿ, ತಾಯಿ. ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಅಳೆಯುವ 5 ಗುಣಗಳಲ್ಲಿ ಸೃಜನಶೀಲತೆಗೆ ತೀರ ಹತ್ತಿರದ್ದು ಹೊಸ ಅನುಭವಕ್ಕೆ ತೆರೆದುಕೊಳ್ಳುವ ಗುಣ. ತೂತುಬಿದ್ದ ಗೂಡಿನಲ್ಲಿ ಮಲ್ಲಿಗೆಯ ದಳ ಕಂಡ ನಿಮ್ಮಲ್ಲಿ ಅದು ಧಾರಾಳವಾಗಿದೆ. ಲೆಕ್ಕ ಬೇಡುವುದು ಶಿಸ್ತನ್ನು. ಅಲ್ಲಿ ಒಂದು ಅಂಕಿ ತಪ್ಪಿದರೂ ಬೈಗುಳ. ರಾತ್ರಿ ಒಂದು ದಳ ಹರಿದರೆ ಕೇಳುವವರಿಲ್ಲ. ಆ ನಿರ್ಭಯವೇ ನಿಮ್ಮ ಕೈ ಬಿಚ್ಚಿಸುತ್ತದೆ. ಒಂದು ಕೆಲಸ ಮಾಡಿ: ಗೂಡಿನ ದರದ ತಿಂಗಳ ಏರಿಳಿತವನ್ನು ಬಣ್ಣದ ಗೆರೆಗಳಲ್ಲಿ ಬಿಡಿಸಿ ಮಾಲೀಕರ ಮುಂದಿಡಿ. ಹಾರದ ಚಿತ್ರವನ್ನು ನನಗೂ ಕಳುಹಿಸಿ, ನೋಡುವ ಆಸೆಯಿದೆ.